ಮುನ್ನೂರು ಪದಗಳ ಪ್ರಬಂಧ

ಕಳೆದ ನವೆಂಬರಿನ ಒಂದು ಸಂಜೆ, ನೋಯ್ಡಾ ಸೆಕ್ಟರ್ 62ರ ಆಫೀಸಿನಲ್ಲಿ ಮೀಟಿಂಗ್ ನಡೆಸುತ್ತಿದ್ದಾಗ ಹಾಸ್ಟೆಲ್ ವಾರ್ಡನ್ ಒಬ್ಬರ ಫೋನ್ ಬಂತು. ಅಕ್ಕನ ಮಗ ಗ್ರೇಟರ್ ನೋಯ್ಡಾದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಿದ್ದಾನೆ. ಇಲ್ಲಿ ಅವನ ಲೋಕಲ್ ಗಾರ್ಡಿಯನ್ ನಾನೇ. ರೂಮಿನಲ್ಲಿ ನಾಲ್ವರು ಹುಡುಗರು, ಆರು ಬಿಯರ್ ಕ್ಯಾನ್ ಸಿಕ್ಕಿದ್ದವು. ಹುಡುಗನಿಗೆ 19 ವರ್ಷ. ಶಿಕ್ಷೆ ಮೂರು ಕಂತಿನದು: ದಂಡ, ಕ್ಷಮಾಪಣೆ ಪತ್ರ, ಮತ್ತು ಶನಿವಾರ ಪೋಷಕರ ಸಮೇತ ಒಂದು ‘ಜಾಗೃತಿ ತರಗತಿ’.

ಹೋದೆ. ಒಂದು ಗಂಟೆಯ ತರಗತಿ. ಪರದೆಯ ಮೇಲೆ ಆರೋಗ್ಯವಂತ ಲಿವರ್, ಪಕ್ಕದಲ್ಲಿ ಕೆಟ್ಟ ಲಿವರ್. ಆಮೇಲೆ ಅಪಘಾತದ ಚಿತ್ರಗಳು. ಕೊನೆಗೆ ಎಲ್ಲರೂ ಎದ್ದು ನಿಂತು ಪ್ರತಿಜ್ಞೆ. ಸೋಮವಾರದೊಳಗೆ ಮದ್ಯಪಾನದ ದುಷ್ಪರಿಣಾಮಗಳ ಬಗ್ಗೆ ಪ್ರಬಂಧ ಬರೆದು, ಪೋಷಕರ ಸಹಿ ಹಾಕಿಸಿ ತರಬೇಕು ಎಂದರು. “ಎಷ್ಟು ಪದ ಸರ್?” ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. “ಮುನ್ನೂರು ಸಾಕು” ಎಂದರು. ಹುಡುಗರು ತಲೆ ತಗ್ಗಿಸಿಕೊಂಡು ನಕ್ಕರು. ಆ ಸಂಖ್ಯೆ ಎಲ್ಲಿಂದ ಬಂತೆಂದು ಅವರಿಗೆ ಗೊತ್ತಿತ್ತು.

2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ 17 ವರ್ಷದ ಹುಡುಗನೊಬ್ಬ ಓಡಿಸುತ್ತಿದ್ದನೆನ್ನಲಾದ ಪೋರ್ಶೆ ಕಾರು ಬೈಕಿಗೆ ಗುದ್ದಿತು. ಸತ್ತ ಇಬ್ಬರೂ 24ರ ಹರೆಯದ ಎಂಜಿನಿಯರುಗಳು. ನಮ್ಮ ಹಾಗೆಯೇ ಊರು ಬಿಟ್ಟು ದುಡಿಯಲು ಬಂದವರು. ಕೆಲವೇ ಗಂಟೆಗಳಲ್ಲಿ ಬಾಲನ್ಯಾಯ ಮಂಡಳಿ ಹುಡುಗನಿಗೆ ಜಾಮೀನು ಕೊಟ್ಟಿತು. ಷರತ್ತುಗಳಲ್ಲಿ ಒಂದು, ರಸ್ತೆ ಅಪಘಾತಗಳ ಬಗ್ಗೆ 300 ಪದಗಳ ಪ್ರಬಂಧ. ಇನ್ನೊಂದು, ಕುಡಿತದ ಬಗ್ಗೆ ಆಪ್ತಸಲಹೆ. ದೇಶವೇ ಸಿಟ್ಟಾಯಿತು, ನಾನೂ ಸಿಟ್ಟಾದೆ. ಆದರೆ ಆ ಶನಿವಾರ ಕುರ್ಚಿಯಲ್ಲಿ ಕುಳಿತು ಯೋಚಿಸುವಾಗ ಅನ್ನಿಸಿದ್ದು ಬೇರೆ. ಕುಡಿದ ಹುಡುಗನ ಕೈಗೆ ಪೆನ್ನು ಕೊಡುವ ಈ ಪದ್ಧತಿ ಪುಣೆಯಲ್ಲಿ ಹುಟ್ಟಿದ್ದಲ್ಲ. ಅದಕ್ಕೆ ಹಳೆಯ ಚರಿತ್ರೆಯಿದೆ.

ನಮ್ಮ ದೇಶದಲ್ಲಿ ಇದರ ಒಂದು ಬೇರು ಕಲ್ಕತ್ತೆಯಲ್ಲಿದೆ. ಇಂಗ್ಲಿಷ್ ಕಲಿತ ಹುಡುಗರಿಗೆ ಅಲ್ಲಿ ಕುಡಿತವೆಂದರೆ ಆಧುನಿಕತೆಯ ಗುರುತಾಗಿತ್ತು. 1863ರಲ್ಲಿ ಪ್ಯಾರಿಚರಣ್ ಸರ್ಕಾರ್ ಅಲ್ಲಿ ಬಂಗಾಳ ಟೆಂಪರೆನ್ಸ್ ಸೊಸೈಟಿ ಕಟ್ಟಿದರು. ಅವರು ಮೇಷ್ಟರು, ಮಕ್ಕಳಿಗೆ ಇಂಗ್ಲಿಷ್ ಪಠ್ಯ ಬರೆದವರು. ಮುಂದೆ ಕೇಶವಚಂದ್ರ ಸೇನರು ಹುಡುಗರಿಗಾಗಿ ‘ಬ್ಯಾಂಡ್ ಆಫ್ ಹೋಪ್’ ಎಂಬ ಸಂಘ ನಡೆಸಿದರು. ಅಲ್ಲಿಯ ಮುಖ್ಯ ಸಾಧನ ಪ್ರತಿಜ್ಞೆ.

ಅಮೆರಿಕದಲ್ಲಿ ಇದು ಪಠ್ಯಕ್ರಮವೇ ಆಯಿತು. ಮೇರಿ ಹಂಟ್ ಎಂಬ ಶಿಕ್ಷಕಿ ಮಹಿಳಾ ಪಾನವಿರೋಧಿ ಸಂಘದ ಪರವಾಗಿ ರಾಜ್ಯ ರಾಜ್ಯ ಸುತ್ತಿದರು. 1882ರಲ್ಲಿ ವರ್ಮಾಂಟ್ ರಾಜ್ಯ ಶಾಲೆಗಳಲ್ಲಿ ಮದ್ಯದ ಪಾಠ ಕಡ್ಡಾಯ ಮಾಡಿತು. 1901ರ ಹೊತ್ತಿಗೆ ದೇಶದ ಎಲ್ಲ ರಾಜ್ಯಗಳೂ ಅದೇ ದಾರಿ ಹಿಡಿದವು. ಉದ್ದೇಶ ಒಳ್ಳೆಯದಿತ್ತು, ಪಾಠದಲ್ಲಿ ಮಾತ್ರ ವಿಜ್ಞಾನಕ್ಕಿಂತ ಹೆದರಿಕೆ ಜಾಸ್ತಿಯಿತ್ತು. 1903ರಲ್ಲಿ ವಿದ್ವಾಂಸರ ಸಮಿತಿಯೊಂದು ಆ ಪಠ್ಯಪುಸ್ತಕಗಳ ಉತ್ಪ್ರೇಕ್ಷೆಯನ್ನು ಟೀಕಿಸಿತು. ಆ ಪಾಠ ಓದಿ ಬೆಳೆದ ದೇಶ 1920ರಲ್ಲಿ ಪಾನನಿಷೇಧ ತಂದಿತು. 1933ರಲ್ಲಿ ಅದನ್ನು ತೆಗೆದೂ ಹಾಕಿತು.

ನನ್ನ ಪಾಲಿಗೆ ಈ ಚರಿತ್ರೆ ಬಂದದ್ದು ತಿಪಟೂರಿನ ಹೈಸ್ಕೂಲಿನಲ್ಲಿ. ಗಾಂಧಿ ಜಯಂತಿಗೆ ಪ್ರಬಂಧ ಸ್ಪರ್ಧೆ: ‘ಕುಡಿತದ ದುಷ್ಪರಿಣಾಮಗಳು’. ನನಗೆ ಎರಡನೇ ಬಹುಮಾನ, ಒಂದು ಸ್ಟೀಲ್ ಲೋಟ. ಎಂಟೆಕ್ ಓದುವಾಗ ಹಾಸ್ಟೆಲಿನಲ್ಲಿ ಮೊದಲ ಬಿಯರ್ ಕುಡಿದ ರಾತ್ರಿ ಆ ಪ್ರಬಂಧದ ಒಂದು ಸಾಲೂ ನೆನಪಾಗಲಿಲ್ಲ. ನಮ್ಮ ಸರ್ಕಾರದ ರೀತಿಯೂ ಹೆಚ್ಚು ಕಡಿಮೆ ಹೀಗೆಯೇ. ಮದ್ಯಪಾನ ಸಂಯಮ ಮಂಡಳಿ ಅದರದ್ದೇ, ಎಂಎಸ್‌ಐಎಲ್ ಮದ್ಯದಂಗಡಿಯೂ ಅದರದ್ದೇ.

ಹಾಗಾದರೆ ಮದ್ಯದ ಪಾಠ ಎಲ್ಲೂ ನಾಟಲಿಲ್ಲವೇ? ನಾಟಿದ್ದುಂಟು. 1990ರ ದಶಕದ ಆರಂಭದಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ನಡೆಯುತ್ತಿತ್ತು. ರಾತ್ರಿ ಶಾಲೆಗೆ ಬರುತ್ತಿದ್ದ ಕೂಲಿ ಹೆಂಗಸರ ಪುಸ್ತಕದಲ್ಲಿ ಸೀತಮ್ಮ ಎಂಬ ಹೆಣ್ಣಿನ ಕಥೆ ಪಾಠವಾಗಿತ್ತು: ಊರಿನ ಹೆಂಗಸರು ಸೇರಿ ಸಾರಾಯಿ ಅಂಗಡಿ ಮುಚ್ಚಿಸುವ ಕಥೆ. ದೂಬಗುಂಟ ಎಂಬ ಹಳ್ಳಿಯ ಹೆಂಗಸರು ಅದನ್ನು ಓದಿ, ಇದು ನಮ್ಮ ಮನೆಯ ಮಾತೇ ಅಲ್ಲವೇ ಎಂದು ಚರ್ಚಿಸಿ, ಎದ್ದು ಹೋಗಿ ತಮ್ಮೂರಿನಲ್ಲಿ ಸಾರಾಯಿ ನಿಲ್ಲಿಸಿಯೇ ಬಿಟ್ಟರು. ಕಿಚ್ಚು ಹಳ್ಳಿಯಿಂದ ಹಳ್ಳಿಗೆ ಹಬ್ಬಿತು. 1993ರ ಅಕ್ಟೋಬರ್ 1ರಿಂದ ಆಂಧ್ರದಲ್ಲಿ ಸಾರಾಯಿ ಬಂದ್ ಆಯಿತು. ಅದೇ ಕಾಲಕ್ಕೆ, 1992ರಲ್ಲಿ, ನಮ್ಮಲ್ಲಿ ರಾಜಕುಮಾರರ ‘ಜೀವನ ಚೈತ್ರ’ ಬಂತು. ಅಪ್ಪನ ಜೊತೆ ಟಾಕೀಸಿನಲ್ಲಿ ಅದನ್ನು ನೋಡಿದ್ದೆ. ಸಾರಾಯಿ ವಿರುದ್ಧ ಊರು ಏಳುವಾಗ ಹೆಂಗಸರ ಸಾಲಿನಿಂದ ಬಂದ ಸದ್ದು ಇಂದಿಗೂ ಕಿವಿಯಲ್ಲಿದೆ.

ದೂಬಗುಂಟದ ಹೆಂಗಸರಿಗೆ ಆ ಪಾಠ ಹೊಸ ಮಾಹಿತಿಯನ್ನೇನೂ ಕೊಟ್ಟಿರಲಿಲ್ಲ. ಸಾರಾಯಿಯಿಂದ ಏನಾಗುತ್ತದೆಂದು ಅವರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದುದನ್ನು ಬಾಯಿಬಿಟ್ಟು ಹೇಳಲು ಒಂದು ಜಾಗ ಸಿಕ್ಕಿತು, ಅಷ್ಟೇ.

ಇದೇ ಸತ್ಯವನ್ನು ಅಮೆರಿಕದ ಕಾಲೇಜುಗಳು ಬೇರೆ ದಾರಿಯಿಂದ ಕಂಡುಕೊಂಡವು. 1984ರ ಕಾನೂನಿನ ಒತ್ತಡದಿಂದ ಅಲ್ಲಿ ಕುಡಿಯುವ ವಯಸ್ಸು 21ಕ್ಕೆ ನಿಂತಿತು. ಹಾಗಾಗಿ ಕಾಲೇಜಿಗೆ ಸೇರುವ ಬಹುಪಾಲು ಹುಡುಗರು ವಯಸ್ಸಾಗದವರೇ. ಸಿಕ್ಕಿಬಿದ್ದವರನ್ನು ತರಗತಿಗೆ ಕಳಿಸುವುದು ವಾಡಿಕೆಯಾಯಿತು. ಬರೀ ಮಾಹಿತಿ ತುಂಬುವ ತರಗತಿಗಳಿಂದ ಕುಡಿತ ಅಷ್ಟೇನೂ ಇಳಿಯಲಿಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಲನ್ ಮಾರ್ಲಟ್ ಮತ್ತು ಸಂಗಡಿಗರು ಉಪನ್ಯಾಸ ಬಿಟ್ಟು ಮಾತುಕತೆ ಹಿಡಿದರು. ಒಬ್ಬ ವಿದ್ಯಾರ್ಥಿ, ಒಬ್ಬ ಸಲಹೆಗಾರ, ಎರಡು ಭೇಟಿ. ಎಷ್ಟು ಕುಡಿಯುತ್ತೀಯ, ಯಾವಾಗ, ಯಾಕೆ, ಆಮೇಲೆ ಏನಾಗುತ್ತದೆ? ಉಳಿದವರು ಎಷ್ಟು ಕುಡಿಯುತ್ತಾರೆಂದು ನಿನ್ನ ಅಂದಾಜು, ನಿಜವಾಗಿ ಅವರು ಕುಡಿಯುವುದು ಎಷ್ಟು? ಗೆಳೆಯರ ಕುಡಿತವನ್ನು ಹುಡುಗರು ಇರುವುದಕ್ಕಿಂತ ಹೆಚ್ಚೆಂದು ನಂಬಿರುತ್ತಾರೆ ಎಂಬುದನ್ನು ಪರ್ಕಿನ್ಸ್ ಮತ್ತು ಬರ್ಕೊವಿಟ್ಸ್ 1986ರಲ್ಲೇ ತೋರಿಸಿದ್ದರು. ಈ ಮಾತುಕತೆಯಿಂದ ಕುಡಿತ ಇಳಿಯುತ್ತದೆ ಎಂದು ಪರೀಕ್ಷೆಗಳು ಹೇಳಿದವು.

ನಮ್ಮ ಕಾನೂನು ಈ ಮಾತುಕತೆಯ ಗೋಜಿಗೆ ಹೋಗಿಲ್ಲ. ಉತ್ತರ ಪ್ರದೇಶದಲ್ಲಿ ನಡೆಯುತ್ತಿರುವುದು 1910ರ ಅಬಕಾರಿ ಕಾಯ್ದೆ, ವಯಸ್ಸು 21. ದೆಹಲಿಯ 2009ರ ಕಾಯ್ದೆಯಲ್ಲಿ 25. ನೋಯ್ಡಾ ಸೆಕ್ಟರ್ 15ರಲ್ಲಿ ಮೆಟ್ರೊ ಹತ್ತಿ ಮುಂದಿನ ನ್ಯೂ ಅಶೋಕ್ ನಗರದಲ್ಲಿ ಇಳಿಯುವಷ್ಟರಲ್ಲಿ ನಾಲ್ಕು ವರ್ಷ ಚಿಕ್ಕವರಾಗಿಬಿಡಬಹುದು. ಕುಡಿದು ಸಾರ್ವಜನಿಕ ಜಾಗದಲ್ಲಿ ಗಲಾಟೆ ಮಾಡಿದವನಿಗೆ 1860ರ ದಂಡಸಂಹಿತೆ ಹಾಕಿದ್ದು ಹತ್ತು ರೂಪಾಯಿ ದಂಡ ಇಲ್ಲವೇ ಒಂದು ದಿನದ ಸಜೆ. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ದಂಡ ಸಾವಿರ ರೂಪಾಯಿವರೆಗೆ ಏರಿತು, ಸಮುದಾಯ ಸೇವೆಯೂ ಸೇರಿತು. ಹಾಸ್ಟೆಲಿನ ಬಾಗಿಲೊಳಗೆ ಮಾತ್ರ ಎಲ್ಲವೂ ವಾರ್ಡನ್ ಕೈಯಲ್ಲಿ.

ಆ ತರಗತಿಯಲ್ಲಿ ಲಿವರ್ ಚಿತ್ರ ಬಂದಾಗ ನನ್ನ ಪಕ್ಕದ ಹುಡುಗ ಪರದೆ ಬಿಟ್ಟು ಕಿಟಕಿ ನೋಡುತ್ತಿದ್ದ. ಅವನಪ್ಪ, ನಮ್ಮ ಭಾವ, ಸಾರಾಯಿ ಕುಡಿಯುತ್ತಿದ್ದರು. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಭಾವ ನಿಲ್ಲಲಿಲ್ಲ, ಅಗ್ಗದ ವಿಸ್ಕಿಗೆ ಹೋದರು. ಐದು ವರ್ಷದ ಹಿಂದೆ ಹೊಟ್ಟೆಯಲ್ಲಿ ನೀರು ತುಂಬಿ ತೀರಿಕೊಂಡರು. ಆಸ್ಪತ್ರೆಯಲ್ಲಿ ರಾತ್ರಿ ಜೊತೆಗಿರುತ್ತಿದ್ದವನು ಇವನೇ. ಲಿವರಿನ ಬಗ್ಗೆ ಪಾಠ ಮಾಡಿದವರಿಗಿಂತ ಅವನಿಗೆ ಹೆಚ್ಚು ಗೊತ್ತಿತ್ತು. ಅದು ಅವರಿಗೆ ಗೊತ್ತಾಗುವಂತಿರಲಿಲ್ಲ, ಯಾಕೆಂದರೆ ಆ ಒಂದು ಗಂಟೆಯಲ್ಲಿ ಯಾರೂ ಯಾವ ಹುಡುಗನಿಗೂ ಒಂದು ಪ್ರಶ್ನೆ ಕೇಳಲಿಲ್ಲ. ಕಾಲೇಜನ್ನೇ ದೂರುವುದೇಕೆ, ಐದು ವರ್ಷದಲ್ಲಿ ನಾನೂ ಕೇಳಿರಲಿಲ್ಲ.

ನಮ್ಮ ಆಫೀಸಿನ ನೆರೆಯ ಗಾಜಿಯಾಬಾದಿನಲ್ಲಿ ಏಮ್ಸ್‌ನ ರಾಷ್ಟ್ರೀಯ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಅಲ್ಲಿಯವರ ನೇತೃತ್ವದಲ್ಲಿ ನಡೆದ ಸಮೀಕ್ಷೆ 2019ರಲ್ಲಿ ಹೊರಬಂತು. 10ರಿಂದ 75 ವಯಸ್ಸಿನವರಲ್ಲಿ ಶೇ. 14.6 ಜನ, ಅಂದರೆ ಸುಮಾರು 16 ಕೋಟಿ, ಮದ್ಯ ಸೇವಿಸುತ್ತಾರೆ. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಭಾವ ಉಳಿದ 37ರಲ್ಲಿ ಒಬ್ಬರು.

ವಾಪಸ್ ಬರುವಾಗ ಕಾರಿನಲ್ಲಿ ಅವನೇ ಕೇಳಿದ: “ಮಾಮ, ನೀವು ಓದುವಾಗ ಕುಡೀತಿದ್ರಾ?”

ಹೌದು ಎಂದೆ. ಎಷ್ಟು, ಯಾರ ಜೊತೆ, ಯಾವಾಗ ಕಡಿಮೆ ಮಾಡಿದೆ, ಎಲ್ಲ ಹೇಳಿದೆ. ಆಮೇಲೆ ನಾನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವನು ಹೇಳಿದ: “ಮೊದಲ್ನೇ ಸಲ ಕುಡಿದಾಗ ಅಪ್ಪನ ವಾಸನೆ ಬಂತು ಮಾಮ. ಹೆದರಿಕೆ ಆಯ್ತು. ಆದ್ರೂ ಕುಡಿದೆ.” ಪರಿ ಚೌಕ್ ದಾಟಿ ಎಕ್ಸ್‌ಪ್ರೆಸ್‌ವೇಗೆ ಬಂದಿದ್ದೆವು. ಗಾಡಿ ನಿಧಾನ ಮಾಡಿದೆ. ಮನೆ ಮುಟ್ಟುವವರೆಗೂ ಅವನು ಮಾತಾಡಿದ. ಅಕ್ಕನಿಗೆ ನೀನೇ ಹೇಳು, ಹೇಳುವಾಗ ನಾನೂ ಪಕ್ಕದಲ್ಲಿರುತ್ತೇನೆ ಎಂದೆ. ವ್ಯಸನದ ವಿಷಯಕ್ಕೆಂದೇ ಇರುವ 14446 ಎಂಬ ಸರ್ಕಾರಿ ಸಹಾಯವಾಣಿ ನಂಬರನ್ನು ಇಬ್ಬರೂ ಫೋನಿನಲ್ಲಿ ಹಾಕಿಕೊಂಡೆವು.

ಭಾನುವಾರ ರಾತ್ರಿ ಅವನು ಪ್ರಬಂಧ ತಂದುಕೊಟ್ಟ. ಸಹಿ ಮಾಡುವ ಮುಂಚೆ ಓದಿದೆ. ಲಿವರ್, ಅಪಘಾತ, ಸಮಾಜ, ದೇಶದ ಭವಿಷ್ಯ ಎಲ್ಲವೂ ಇತ್ತು, ಅಚ್ಚುಕಟ್ಟಾಗಿ ಮುನ್ನೂರು ಪದ. ಅಪ್ಪನ ಬಗ್ಗೆ ಒಂದು ಪದವೂ ಇರಲಿಲ್ಲ. ಸಹಿ ಮಾಡಿ ಕೊಟ್ಟೆ.