ಕರ್ನಾಟಕದ ಇತಿಹಾಸದಲ್ಲಿ ಕುದುರೆ

ಕರ್ನಾಟಕದಲ್ಲಿ ಕುದುರೆಯು ಯುದ್ಧ, ಸಾರಿಗೆ ಮತ್ತು ರಾಜವೈಭವಗಳೊಂದಿಗೆ ನಿಕಟ ಸಂಬಂಧ ಹೊಂದಿದ್ದ ಪ್ರಾಣಿ. ಉತ್ತಮ ಯುದ್ಧಾಶ್ವಗಳು ಇಲ್ಲಿ ಸಾಕಷ್ಟು ಸಂಖ್ಯೆಯಲ್ಲಿ ಹುಟ್ಟಿ ಬೆಳೆಯುತ್ತಿರಲಿಲ್ಲ. ಆದ್ದರಿಂದ ಈ ನಾಡಿನ ಅರಸರು ಶತಮಾನಗಳ ಕಾಲ ಅವುಗಳನ್ನು ಅರೇಬಿಯಾ ಮತ್ತು ಪರ್ಷಿಯಾಗಳಿಂದ ಸಮುದ್ರಮಾರ್ಗವಾಗಿ ತರಿಸಿಕೊಳ್ಳುತ್ತಿದ್ದರು.

ಗ್ರಂಥಗಳು ಮತ್ತು ಶಿಲ್ಪಗಳು

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೇ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಕುದುರೆಗಳ ಲಕ್ಷಣ, ಅವುಗಳನ್ನು ಪಳಗಿಸುವ ವಿಧಾನ ಹಾಗೂ ಕುದುರೆಯೇರಿ ಚೆಂಡಾಡುವ ಕ್ರೀಡೆಯ ವಿವರಗಳಿವೆ. ಇಂದಿನ ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಪ್ರದೇಶದಿಂದ ಆಳಿದ ಕೆಳದಿ ಅರಸರಲ್ಲಿ ಒಬ್ಬನಾದ ಬಸಪ್ಪ ನಾಯಕನ ವಿಶ್ವಕೋಶ ಸ್ವರೂಪದ ಕೃತಿ 'ಶಿವತತ್ತ್ವ ರತ್ನಾಕರ'ದಲ್ಲಿಯೂ ಅಶ್ವಶಾಸ್ತ್ರದ ವಿಷಯ ಬರುತ್ತದೆ. ರಾಜ್ಯದ ಅನೇಕ ವೀರಗಲ್ಲುಗಳಲ್ಲಿ ಕುದುರೆಯೇರಿ ಹೋರಾಡುವ ವೀರರ ಚಿತ್ರಣವಿದೆ.

ವಿಜಯನಗರ ಮತ್ತು ಕುದುರೆ ವ್ಯಾಪಾರ

ವಿಜಯನಗರದ ಸೇನಾಬಲಕ್ಕೆ ಅಶ್ವದಳವು ಮುಖ್ಯ ಆಧಾರವಾಗಿತ್ತು. ಹಾರ್ಮುಜ್ ಮುಂತಾದ ಬಂದರುಗಳಿಂದ ಹೊರಟ ಕುದುರೆಗಳು ಭಟ್ಕಳ, ಹೊನ್ನಾವರ ಮತ್ತು ಗೋವಾಗಳಲ್ಲಿ ಇಳಿದು, ಸಹ್ಯಾದ್ರಿಯ ಘಟ್ಟಗಳನ್ನು ಹತ್ತಿ ಒಳನಾಡನ್ನು ಸೇರುತ್ತಿದ್ದವು. ಪ್ರಯಾಣದಲ್ಲಿ ಅನೇಕ ಕುದುರೆಗಳು ಸಾಯುತ್ತಿದ್ದವು. ಸಾಳುವ ನರಸಿಂಹನು ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಜೀವಂತ ಕುದುರೆಯಷ್ಟೇ ಬೆಲೆ ಕೊಡುತ್ತಿದ್ದನೆಂದು ಪೋರ್ಚುಗೀಸ್ ವ್ಯಾಪಾರಿ ಫೆರ್ನಾವೊ ನೂನಿಜ್ ಬರೆದಿದ್ದಾನೆ. ಹೀಗೆ ನಷ್ಟದ ಭಯವನ್ನು ಅರಸನೇ ಹೊತ್ತುಕೊಂಡದ್ದರಿಂದ ವ್ಯಾಪಾರಿಗಳು ಕುದುರೆ ತರಲು ಹಿಂಜರಿಯುತ್ತಿರಲಿಲ್ಲ. ಮುಂದೆ ವಿಜಯನಗರದ ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದೂ ನೂನಿಜ್ ಹೇಳುತ್ತಾನೆ. ಇವುಗಳಲ್ಲಿ ಸ್ಥಳೀಯ ಕುದುರೆಗಳೂ ಸೇರಿದ್ದವು.

ಗೋವಾವನ್ನು ವಶಪಡಿಸಿಕೊಂಡ ಪೋರ್ಚುಗೀಸರಿಗೆ ಈ ವ್ಯಾಪಾರವು ರಾಜಕೀಯ ಅಸ್ತ್ರವಾಯಿತು. 1547ರ ಒಪ್ಪಂದದ ಪ್ರಕಾರ ಗೋವಾಕ್ಕೆ ಬರುವ ಕುದುರೆಗಳು ಬಿಜಾಪುರಕ್ಕೆ ಹೋಗದೆ ವಿಜಯನಗರಕ್ಕೆ ಸಲ್ಲಬೇಕಿತ್ತು. ಹಂಪಿಯ ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳಲ್ಲಿ ಕುದುರೆಗಳನ್ನು ಕರೆತರುವ ವಿದೇಶಿ ವ್ಯಾಪಾರಿಗಳನ್ನು ಕಾಣಬಹುದು.

ಮೈಸೂರು ಸಂಸ್ಥಾನ

ಆಮದಿನ ಅವಲಂಬನೆಯನ್ನು ತಗ್ಗಿಸಲು ನಾಡಿನಲ್ಲೇ ತಳಿ ಬೆಳೆಸುವುದು ಅಗತ್ಯವಾಗಿತ್ತು. ತುಮಕೂರು ಜಿಲ್ಲೆಯ ಕುಣಿಗಲ್ ಕುದುರೆ ಫಾರಂ ಟಿಪ್ಪು ಸುಲ್ತಾನನ ಕಾಲದಲ್ಲಿ ಸೈನ್ಯದ ಅಗತ್ಯಕ್ಕಾಗಿ ಬಳಕೆಯಲ್ಲಿತ್ತು. ನಂತರ ಅದು ಪಂದ್ಯದ ಕುದುರೆಗಳ ತಳಿ ಅಭಿವೃದ್ಧಿಗೆ ಹೆಸರಾಯಿತು.

ಮೊದಲ ಮಹಾಯುದ್ಧದಲ್ಲಿ ಮೈಸೂರು ಲ್ಯಾನ್ಸರ್ಸ್ ಅಶ್ವದಳವು ಜೋಧಪುರದ ದಳದೊಂದಿಗೆ 23 ಸೆಪ್ಟೆಂಬರ್ 1918ರಂದು ಹೈಫಾ ಪಟ್ಟಣವನ್ನು ಒಟ್ಟೋಮನ್ ಸೇನೆಯಿಂದ ಗೆದ್ದುಕೊಂಡಿತು. ಭರ್ಜಿ ಹಿಡಿದ ಸವಾರರು ಮೆಷಿನ್ ಗನ್ನುಗಳನ್ನು ಎದುರಿಸಿದ ಈ ದಾಳಿಯು ಅಶ್ವದಳಗಳ ಕೊನೆಯ ದೊಡ್ಡ ವಿಜಯಗಳಲ್ಲಿ ಒಂದೆಂದು ಪರಿಗಣಿತವಾಗಿದೆ. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ ಮತ್ತು ಮೈಸೂರು ದಳಗಳನ್ನು ಪ್ರತಿನಿಧಿಸುತ್ತವೆ. ಸ್ವಾತಂತ್ರ್ಯಾನಂತರ ಸಂಸ್ಥಾನಗಳ ಅಶ್ವದಳಗಳನ್ನು ಒಗ್ಗೂಡಿಸಿ ಭಾರತೀಯ ಸೇನೆಯ 61ನೇ ಅಶ್ವದಳವನ್ನು ರಚಿಸಲಾಯಿತು.

ಪ್ರಸ್ತುತ

ಮೋಟಾರು ವಾಹನಗಳ ಬಳಕೆ ಹೆಚ್ಚಿದಂತೆ ಜಟಕಾ ಗಾಡಿಗಳು ವಿರಳವಾದವು. ಮೈಸೂರಿನಲ್ಲಿ ಪ್ರವಾಸಿಗರಿಗಾಗಿ ಟಾಂಗಾಗಳು ಉಳಿದಿವೆ. ದಸರಾ ಮೆರವಣಿಗೆಯಲ್ಲಿ ಅಶ್ವಾರೋಹಿ ಪೊಲೀಸ್ ದಳ ಭಾಗವಹಿಸುತ್ತದೆ. ಅರಮನೆಯ ಪೂಜಾವಿಧಿಗಳಲ್ಲಿ ಪಟ್ಟದ ಕುದುರೆಗೆ ಸ್ಥಾನವಿದೆ. ಬೆಂಗಳೂರು ಮತ್ತು ಮೈಸೂರುಗಳಲ್ಲಿ ಕುದುರೆ ಪಂದ್ಯಗಳು ನಡೆಯುತ್ತವೆ.