ಶ್ರೋತ್ರಿಯರಿಗೂ ಗೊತ್ತಿರಲಿಲ್ಲ

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ನಂದಿಯ ಹತ್ತಿರ ಸುಧಾರಿಸಿಕೊಳ್ಳುತ್ತಾ ಕೂತಿದ್ದೆವು. ನನ್ನ ಕೈಲಿ ಅರ್ಧ ಓದಿದ ‘ವಂಶವೃಕ್ಷ’ವಿತ್ತು. ಜೊತೆಗಿದ್ದ ಗೆಳೆಯ ಅದರ ಕೊನೆಯನ್ನು ಹೇಳಿಯೇಬಿಟ್ಟ. ಮಿಕ್ಕ ಮುನ್ನೂರು ಮೆಟ್ಟಿಲು ಅವನೊಡನೆ ಮಾತಾಡಲಿಲ್ಲ. (ಕಾದಂಬರಿ ಓದದವರು ಈ ಲೇಖನವನ್ನು ಇಲ್ಲಿಗೇ ಬಿಟ್ಟು, ಅದನ್ನು ಓದಿ ಬರುವುದು ಒಳ್ಳೆಯದು.)

ಬೆಟ್ಟದ ಮೇಲೆ ಕತ್ತಿ ಹಿಡಿದು ನಿಂತಿರುವ ಮಹಿಷಾಸುರನ ಗತಿ ಏನಾಯಿತೆಂದು ಮೈಸೂರಿನ ಮಕ್ಕಳಿಗೂ ಗೊತ್ತು. ಗೊತ್ತಿದ್ದೂ ಕೇಳುತ್ತಾರೆ. ನಮ್ಮ ಹರಿಕಥೆ, ಯಕ್ಷಗಾನಗಳಿಗೆ ಕೊನೆಯನ್ನು ಬಚ್ಚಿಡುವ ಹಟವೇ ಇರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕಥೆಯನ್ನು 1915ರಲ್ಲಿ ಕಾದಂಬರಿಯಾಗಿಸಿದ ಎಂ.ಎಸ್. ಪುಟ್ಟಣ್ಣನವರು ಅದಕ್ಕಿಟ್ಟ ಹೆಸರು ‘ಮಾಡಿದ್ದುಣ್ಣೋ ಮಹಾರಾಯ’. ಕೊನೆ ರಟ್ಟಿನ ಮೇಲೇ ಇದೆ!

ಬಚ್ಚಿಡುವುದಕ್ಕೂ ಒಂದು ನ್ಯಾಯ ಬೇಕು ಎಂಬ ಜಗಳ ಜೋರಾದದ್ದು ಪತ್ತೇದಾರಿ ಕಾದಂಬರಿಗಳಲ್ಲಿ. ಅಗಾಥಾ ಕ್ರಿಸ್ಟಿ 1926ರಲ್ಲಿ ರೋಜರ್ ಆಕ್ರಾಯ್ಡ್‌ನ ಕೊಲೆಯ ಕಥೆ ಬರೆದಾಗ, ಮೋಸಹೋದೆವೆಂದು ಕೂಗಿದ ಓದುಗರಿದ್ದರು. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ ಹತ್ತು ಕಟ್ಟಳೆಗಳನ್ನೇ ಬರೆದಿಟ್ಟ. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು ಎಂಬುದು ಅವುಗಳಲ್ಲೊಂದು.

ಭೈರಪ್ಪನವರ ‘ವಂಶವೃಕ್ಷ’ (1965) ಪತ್ತೇದಾರಿಯಲ್ಲ. ಆದರೂ ನಾಕ್ಸ್‌ನ ಕಟ್ಟಳೆಯನ್ನು ಅದಕ್ಕೆ ಹಿಡಿದು ನೋಡಬಹುದು. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಯರು ಬದುಕಿಡೀ ವಂಶವನ್ನು ನಂಬಿದವರು. ಮಗ ಕಪಿಲೆಯ ಪಾಲಾದ. ವಿಧವೆ ಸೊಸೆ ಕಾತ್ಯಾಯನಿ ಮರುಮದುವೆಯಾಗಿ ಮೈಸೂರಿಗೆ ಹೋದಳು. ಅವಳ ಮಗು ವಂಶದ ಕುಡಿಯೆಂದು ಶ್ರೋತ್ರಿಯರ ಮನೆಯಲ್ಲೇ ಉಳಿಯಿತು. ಇಳಿವಯಸ್ಸಿನಲ್ಲಿ ಅವರಿಗೆ ಗೊತ್ತಾಗುತ್ತದೆ: ತಾವೇ ಆ ವಂಶದ ರಕ್ತವಲ್ಲ.

ಇದು ಮೋಸವೇ? ಶ್ರೋತ್ರಿಯರಿಗೆ ಗೊತ್ತಿದ್ದು ನಮಗೆ ಮುಚ್ಚಿಟ್ಟಿದ್ದರೆ ಹೌದೆನ್ನುತ್ತಿದ್ದೆ. ಅವರಿಗೂ ಗೊತ್ತಿರಲಿಲ್ಲ. ಪೆಟ್ಟು ಬೀಳುವಾಗ ಓದುಗ ಅವರ ಪಕ್ಕದಲ್ಲೇ ಇದ್ದಾನೆ. ಅನ್ಯಾಯವಾದದ್ದು ಕಾತ್ಯಾಯನಿಗೆ. ಯಾವುದಕ್ಕಾಗಿ ಅವಳು ಮಗನನ್ನು ಬಿಟ್ಟು ಬಂದಳೋ ಅದಕ್ಕೆ ಬುಡವೇ ಇರಲಿಲ್ಲ. ಆ ಸತ್ಯ ಹೊರಬರುವ ಹೊತ್ತಿಗೆ ಅವಳ ಬದುಕು ಮುಗಿಯುತ್ತಾ ಬಂದಿತ್ತು.

ಉಳಿದರ್ಧವನ್ನು ನಾನು ಕೊನೆ ಗೊತ್ತಿದ್ದೇ ಓದಿದೆ. ಶ್ರೋತ್ರಿಯರು ವಂಶವೆಂದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ಏನೂ ತಿಳಿಯದೆ ಓದಿದವರಿಗೆ ಆ ಪುಟಗಳಲ್ಲಿ ಅಷ್ಟು ನೋವು ಸಿಕ್ಕಿರಲಾರದು. ಇದನ್ನು ಆ ಗೆಳೆಯನಿಗೆ ಮಾತ್ರ ಇನ್ನೂ ಹೇಳಿಲ್ಲ.