ಪುಣೆಯ ನಲ್ಲಿ ನೀರು: ಕಾತ್ರಜದ ಕೆರೆಯಿಂದ ಅಡಿಗೆಮನೆಯವರೆಗೆ

ಪುಣೆಗೆ ಹೊಸದಾಗಿ ಬಂದ ನಮ್ಮ ಕಡೆಯ ಹುಡುಗರು ಬಾಡಿಗೆ ಮನೆ ಸಿಕ್ಕ ಮರುದಿನವೇ ಫೋನ್ ಮಾಡಿ ಕೇಳುತ್ತಾರೆ: "ಕಾಕಾ, ಯಾವ ಕಂಪನಿಯ ಆರ್‌ಓ ತಗೊಳ್ಳೋದು?" ನಾನು ತಿರುಗಿ ಕೇಳುತ್ತೇನೆ, ನಿಮ್ಮ ನಲ್ಲಿಗೆ ನೀರು ಎಲ್ಲಿಂದ ಬರ್ತದೆ ಅಂತ. "ಮೇಲಿನ ಟಾಕಿಯಿಂದ" ಅನ್ನುತ್ತಾರೆ! ಆಗ ನಾನು ಇತಿಹಾಸ ಶುರು ಮಾಡುತ್ತೇನೆ, ಅವರು ಫೋನ್ ಇಡುತ್ತಾರೆ. ನೀವು ಅಷ್ಟು ಅವಸರದವರಲ್ಲ ಎಂಬ ಧೈರ್ಯದಿಂದ ಆ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಊರಿನ ದಕ್ಷಿಣಕ್ಕೆ ಸಾತಾರಾ ರಸ್ತೆಯ ಮೇಲಿರುವ ಕಾತ್ರಜ್, ಶನಿವಾರವಾಡೆಗಿಂತ ಎತ್ತರದಲ್ಲಿದೆ. 1750ರ ಸುಮಾರಿಗೆ ನಾನಾಸಾಹೇಬ ಪೇಶ್ವೆ ಅಲ್ಲಿ ಕೆರೆ ಕಟ್ಟಿಸಿ, ನೆಲದಡಿಯಲ್ಲಿ ಊರೊಳಗಿನವರೆಗೂ ಕಾಲುವೆ ಹಾಕಿಸಿದರು. ಆಳು ನಡೆದುಹೋಗುವಷ್ಟು ದೊಡ್ಡ ಕಾಲುವೆ. ಪಂಪಿಲ್ಲ, ರಾಟೆಯಿಲ್ಲ, ಇಳಿಜಾರಿನಲ್ಲಿ ನೀರು ತಾನಾಗಿ ಹರಿದುಬಂದು ಹೌದಗಳನ್ನು ತುಂಬುತ್ತಿತ್ತು. ಕಾಳಾ ಹೌದ, ಬದಾಮಿ ಹೌದ, ಫಡ್ಕೆ ಹೌದ, ಸದಾಶಿವ ಪೇಟೆಯ ಹೌದ... ಈ ಹೆಸರುಗಳಲ್ಲಿ ಕೆಲವು ಈಗಲೂ ಓಣಿಗಳ ಗುರುತಾಗಿ ಉಳಿದಿವೆ. ನಿಧಾನವಾಗಿ ಹರಿಯುವ ನೀರಿನಲ್ಲಿ ಕೆಸರು ತಳಕ್ಕೆ ಕೂರುತ್ತದೆ, ಹೌದದಲ್ಲಿ ನಿಂತಾಗ ಇನ್ನಷ್ಟು ತಿಳಿಯಾಗುತ್ತದೆ. ಅಂದಿನ ಶುದ್ಧೀಕರಣ ಅಷ್ಟೇ.

ವಿಜಯಪುರದ ಕಡೆಯವರಿಗೆ ಇದು ಹೊಸದಲ್ಲ. ಆದಿಲಶಾಹಿ ಕಾಲದಲ್ಲೇ ತೊರವಿಯಿಂದ, ಬೇಗಂ ತಲಾಬದಿಂದ ಊರೊಳಗೆ ನೀರು ಬರುತ್ತಿತ್ತು. ದಾರಿಯಲ್ಲಿ ನೀರಿನ ಒತ್ತಡ ತಗ್ಗಿಸಲು ಕಟ್ಟಿದ 'ಗಂಜ್' ಎಂಬ ಗೋಪುರಗಳು ಅಲ್ಲಿ ಇನ್ನೂ ನಿಂತಿವೆ. ಹೌದ ಎಂಬ ಶಬ್ದವೂ ನಮಗೂ ಮರಾಠಿಗರಿಗೂ ಒಂದೇ.

ಆದರೆ ಕಾತ್ರಜದ ತಿಳಿನೀರು ಹೌದದವರೆಗೆ ಬಂದರೂ ಎಲ್ಲರ ಕೊಡಕ್ಕೂ ಬರುತ್ತಿರಲಿಲ್ಲ. ಅಸ್ಪೃಶ್ಯರೆನಿಸಿಕೊಂಡವರು ಅದನ್ನು ಮುಟ್ಟುವಂತಿರಲಿಲ್ಲ. 1868ರಲ್ಲಿ ಜೋತಿಬಾ ಫುಲೆಯವರು ಗಂಜ್ ಪೇಟೆಯ ತಮ್ಮ ಮನೆಯ ಹೌದವನ್ನು ಅವರಿಗಾಗಿ ತೆರೆದರು. ಅದು ಈಗ ಸ್ಮಾರಕವಾಗಿರುವ ಫುಲೆ ವಾಡೆಯಲ್ಲಿದೆ. ಪುಣೆಯ ನೀರಿನ ಇತಿಹಾಸದಲ್ಲಿ ಯಾವ ಅಣೆಕಟ್ಟಿಗಿಂತಲೂ ಇದು ಸಣ್ಣ ಘಟನೆಯಲ್ಲ ಎಂದು ನನ್ನ ಅಭಿಪ್ರಾಯ.

ಇಂಗ್ಲಿಷರ ಕಾಲದಲ್ಲಿ, 1850ರ ಸುಮಾರಿಗೆ, ಮುಂಬೈಯ ಪಾರ್ಸಿ ದಾನಿ ಜಮ್ಶೇಟ್‌ಜಿ ಜೀಜಿಭಾಯಿ ಅವರ ಹಣದಿಂದ ಮುಳಾ-ಮುಠಾ ನದಿಗೆ ಬಂಡ್ ಕಟ್ಟಿದರು. ಬಂಡ್ ಗಾರ್ಡನ್ ಹೆಸರು ಬಂದದ್ದು ಅದರಿಂದಲೇ. ಆದರೆ ಅದು ಸಂಗಮದ ಕೆಳಗಿದೆ, ಅಂದರೆ ಊರಿನ ಕೊಳೆಯೆಲ್ಲ ದಾಟಿ ಹೋಗುವ ಜಾಗ. ಹೀಗಾಗಿ ಊರಿನ ಮೇಲ್ಭಾಗದಲ್ಲಿ ಮುಠಾ ನದಿಗೆ ಖಡಕ್‌ವಾಸ್ಲಾ ಅಣೆಕಟ್ಟು ಬಂದದ್ದು ದೊಡ್ಡ ಬದಲಾವಣೆ. 1879ರ ಹೊತ್ತಿಗೆ ಅದು ಎದ್ದು ನಿಂತಿತು.

ಇಲ್ಲಿ ನಮ್ಮವರೊಬ್ಬರು ಬರುತ್ತಾರೆ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಎಂಜಿನಿಯರಿಂಗ್ ಓದಿದ್ದು ಪುಣೆಯ ಕಾಲೇಜ್ ಆಫ್ ಸೈನ್ಸಿನಲ್ಲಿ (ಈಗಿನ ಸಿಓಇಪಿ), ಮುಗಿಸಿದ್ದು 1883ರಲ್ಲಿ. ಖಡಕ್‌ವಾಸ್ಲಾ ಪ್ರತಿ ಮಳೆಗಾಲ ತುಂಬಿ ಕೋಡಿ ಹರಿದು, ಬೇಸಿಗೆಗೆ ಊರಿಗೆ ನೀರು ಸಾಲುತ್ತಿರಲಿಲ್ಲ. ಅಣೆಕಟ್ಟನ್ನು ಎತ್ತರಿಸದೆಯೇ ಅವರು ಕೋಡಿಯ ಮೇಲೆ ತಾವಾಗಿ ತೆರೆದು ಮುಚ್ಚಿಕೊಳ್ಳುವ ಗೇಟುಗಳನ್ನು ಕೂರಿಸಿ, ಸುಮಾರು 8 ಅಡಿ ಹೆಚ್ಚು ನೀರು ನಿಲ್ಲುವಂತೆ ಮಾಡಿದರು. ಅದು 1903. ಕನ್ನಂಬಾಡಿಯಲ್ಲಿ ನಾವು ಹೆಮ್ಮೆಯಿಂದ ತೋರಿಸುವ ಗೇಟುಗಳ ತಾಯಿಬೇರು ಪುಣೆಯಲ್ಲಿದೆ.

ಅದಕ್ಕೂ ಮೊದಲು, 1890ರ ದಶಕದಲ್ಲಿ, ಅವರನ್ನು ಸಿಂಧ್ ಪ್ರಾಂತದ ಸಕ್ಕರ್ ಊರಿಗೆ ಕಳಿಸಿದ್ದರು. ಸಿಂಧೂ ನದಿಯ ನೀರು ಬರೀ ಕೆಸರು, ಸೋಸುವ ತೊಟ್ಟಿ ಕಟ್ಟಲು ಮುನಿಸಿಪಾಲಿಟಿಯಲ್ಲಿ ದುಡ್ಡಿಲ್ಲ. ಇವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ಮರಳಿನ ಮೂಲಕ ಜಿನುಗಿ ಬಂದ ನೀರು ತಿಳಿಯಾಗಿತ್ತು. ಹೊಳೆಯ ಉಸುಕಿನಲ್ಲಿ ಒರತೆ ತೋಡಿ ನೀರು ತುಂಬಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂದಿನ ಪರ್ವತಿ, ವಾರ್ಜೆ ಜಲಕೇಂದ್ರಗಳಲ್ಲೂ ಮೂಲ ತತ್ವ ಅದೇ. ಪಟಕದ ಜಾತಿಯ ರಾಸಾಯನಿಕ ಹಾಕಿ ಕೆಸರು ಕೂರಿಸುವುದು, ಮರಳಿನಲ್ಲಿ ಸೋಸುವುದು, ಕ್ಲೋರಿನ್ ಬೆರೆಸುವುದು.

1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು, ಆ ನೀರಿನ ಹೊಡೆತಕ್ಕೆ ಖಡಕ್‌ವಾಸ್ಲಾ ಕೂಡ ಒಡೆದದ್ದು ನಿಮಗೆ ಗೊತ್ತಿರಬಹುದು. ಎರಡನ್ನೂ ಮತ್ತೆ ಕಟ್ಟಿದರು. ಈಗ ಪಾನಶೇತ್, ವರಸಗಾವ್, ಟೇಮ್‌ಘರ್‌ಗಳ ನೀರು ಖಡಕ್‌ವಾಸ್ಲಾಕ್ಕೆ ಬಂದು ಊರಿಗೆ ಬರುತ್ತದೆ. ವಡಗಾವ್ ಶೇರಿ, ಖರಾಡಿ ಕಡೆಗೆ 2021ರಿಂದ ಭಾಮಾ ಆಸ್ಖೇಡ್ ನೀರಿದೆ. ಪಿಂಪ್ರಿ-ಚಿಂಚವಾಡಕ್ಕೆ ಪವನಾ.

ಇವೆಲ್ಲ ಸಹ್ಯಾದ್ರಿಯ ಮಳೆನೀರು. ಮೃದುವಾದ ಸಿಹಿನೀರು, ತೊಗರಿಬೇಳೆ ಚೆನ್ನಾಗಿ ಬೇಯುತ್ತದೆ. ಪುಣೆಯ ನೀರು ಕೆಡುವುದು ಹೆಚ್ಚಾಗಿ ಅಣೆಕಟ್ಟಿಗೂ ನಿಮ್ಮ ಲೋಟಕ್ಕೂ ನಡುವೆ. ಪೈಪಿನಲ್ಲಿ ದಿನಕ್ಕೆ ಕೆಲವು ತಾಸು ಮಾತ್ರ ನೀರಿದ್ದರೆ, ಉಳಿದ ಹೊತ್ತು ಖಾಲಿ ಪೈಪು ಸಣ್ಣ ಬಿರುಕುಗಳಿಂದ ಸುತ್ತಲಿನ ಚರಂಡಿ ನೀರನ್ನು ಎಳೆದುಕೊಳ್ಳುತ್ತದೆ. ಆಮೇಲೆ ಸೊಸೈಟಿಯ ನೆಲದಡಿಯ ಟಾಕಿ, ಮೇಲಿನ ಟಾಕಿ. ಬೇಸಿಗೆಯಲ್ಲಿ ಟ್ಯಾಂಕರ್, ಅದು ಯಾವ ಬಾವಿಯದೋ!

2025ರ ಜನವರಿಯಲ್ಲಿ ಇದು ಎಲ್ಲರಿಗೂ ಗೊತ್ತಾಯಿತು. ಸಿಂಹಗಡ ರಸ್ತೆಯ ನಾಂದೇಡ್, ಕಿರ್ಕಟವಾಡಿ, ಧಾಯರಿ ಕಡೆ ಒಬ್ಬರ ಹಿಂದೊಬ್ಬರು ಕೈಕಾಲಿನ ಶಕ್ತಿ ಕಳೆದುಕೊಂಡು ಆಸ್ಪತ್ರೆ ಸೇರಿದರು, ಕೆಲವರು ವೆಂಟಿಲೇಟರಿಗೂ ಹೋದರು. ಗಿಯಾನ್-ಬಾರೆ ಕಾಯಿಲೆ. ಹೊಟ್ಟೆಯ ಸೋಂಕು ಬಂದುಹೋದ ಮೇಲೆ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ನರಗಳ ಮೇಲೆ ಬೀಳುತ್ತದೆ. ಶಂಕಿತ ಪ್ರಕರಣಗಳು ಇನ್ನೂರು ದಾಟಿದವು, ಸಾವುಗಳೂ ಆದವು. ಕೆಲವು ರೋಗಿಗಳ ಮಾದರಿಗಳಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಈ ಹಳ್ಳಿಗಳು 2017 ಮತ್ತು 2021ರಲ್ಲಿ ಪಾಲಿಕೆಗೆ ಸೇರಿದಂಥವು. ಅಣೆಕಟ್ಟಿನ ಮಗ್ಗುಲಲ್ಲೇ ಇದ್ದರೂ ನಾಂದೇಡದ ಬಾವಿಯಿಂದ ಹೋಗುತ್ತಿದ್ದ ನೀರಿಗೆ ಮರಳಿನ ಸೋಸುವಿಕೆ ಇರಲಿಲ್ಲ, ಕ್ಲೋರಿನ್ ಅಷ್ಟೇ. ಅಲ್ಲಿನ ಹಲವು ಖಾಸಗಿ ಆರ್‌ಓ ನೀರಿನ ಘಟಕಗಳ ಮಾದರಿಗಳೂ ಪರೀಕ್ಷೆಯಲ್ಲಿ ಫೇಲಾದವು, ಪಾಲಿಕೆ ಬೀಗ ಹಾಕಿತು. ಹಣ ಕೊಟ್ಟು ಕ್ಯಾನ್ ತಂದವರ ಗತಿ ನೋಡಿ.

ಈಗ ಹುಡುಗರ ಪ್ರಶ್ನೆಗೆ ಬರೋಣ. ಆರ್‌ಓ ಇರುವುದು ಮುಖ್ಯವಾಗಿ ಕರಗಿದ ಲವಣ ತೆಗೆಯಲಿಕ್ಕೆ. ಲೀಟರಿಗೆ 500 ಮಿಲಿಗ್ರಾಂವರೆಗೆ ಲವಣವಿದ್ದರೆ ಕುಡಿಯಲು ಅಡ್ಡಿಯಿಲ್ಲ ಎಂದು ಭಾರತೀಯ ಮಾನಕ ಹೇಳುತ್ತದೆ. ಅದಕ್ಕಿಂತ ಕಡಿಮೆ ಇದ್ದಲ್ಲಿ ಆರ್‌ಓ ಬೇಡ ಎಂದು ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿತ್ತು. ಖಡಕ್‌ವಾಸ್ಲಾ ನೀರು ಆ ಗೆರೆಯ ಹತ್ತಿರಕ್ಕೂ ಬರುವುದಿಲ್ಲ. ಮೇಲಾಗಿ ಒಂದು ಲೀಟರ್ ಶುದ್ಧ ನೀರಿಗೆ ಎರಡು-ಮೂರು ಲೀಟರ್ ಮೋರಿಗೆ ಹೋಗುತ್ತದೆ. ಮನೆಗೆ ಬಂದ ಮಾರಾಟದ ಹುಡುಗ ನೀರಿನಲ್ಲಿ ಎರಡು ಕಡ್ಡಿ ಅದ್ದಿ, ಕರೆಂಟು ಬಿಟ್ಟು, ಕೆಂಪು-ಕಪ್ಪು ಗಸಿ ತೋರಿಸಿದರೆ ಹೆದರಬೇಡಿ. ಆ ಗಸಿ ಬಹುಮಟ್ಟಿಗೆ ಕಡ್ಡಿಯ ಕಬ್ಬಿಣದ್ದು. ಟಿಡಿಎಸ್ ಮೀಟರು ರೋಗಾಣುವನ್ನು ತೋರಿಸುವುದೂ ಇಲ್ಲ.

ಪಾಲಿಕೆ ನೀರಾದರೆ ಮೊದಲು ಸೋಸಿ, ಆಮೇಲೆ ರೋಗಾಣು ಕೊಲ್ಲಿ. ಯುವಿ ಯಂತ್ರವಾದೀತು, ಕುದಿಸಿದರೂ ಆದೀತು. ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ಯುವಿಗೆ ತಿಳಿನೀರೇ ಬೇಕು. ಜುಲೈ-ಆಗಸ್ಟಿನಲ್ಲಿ ನಲ್ಲಿ ನೀರು ಮಣ್ಣುಬಣ್ಣಕ್ಕೆ ತಿರುಗಿದಾಗ ಬೆಳಕು ಒಳಗೆ ಹಾಯುವುದಿಲ್ಲ, ಮುಂದಿನ ಕ್ಯಾಂಡಲ್ ಬದಲಿಸಿ. ಕರೆಂಟಿಲ್ಲದ ಮನೆಗಳಿಗೆಂದು ಪುಣೆಯಲ್ಲೇ ಇರುವ ಟಾಟಾದವರ ಸಂಶೋಧನಾ ಕೇಂದ್ರ ಭತ್ತದ ಹೊಟ್ಟಿನ ಬೂದಿಯ ಫಿಲ್ಟರ್ ಮಾಡಿತ್ತು. 2009ರಲ್ಲಿ ಬಂದ ಟಾಟಾ ಸ್ವಚ್ಛ್ ಅದರ ಮಗಳು. ಬೋರಿನ ಅಥವಾ ಟ್ಯಾಂಕರಿನ ನೀರು ಕುಡಿಯುವವರು, ಬಕೆಟ್ಟಿಗೆ ಬಿಳಿ ಕರೆ ಕಟ್ಟುತ್ತಿದ್ದರೆ, ನೀರನ್ನು ಪರೀಕ್ಷೆ ಮಾಡಿಸಿ ಆಮೇಲೆ ಆರ್‌ಓ ಯೋಚಿಸಿ.

ಯಂತ್ರ ಕೊಳ್ಳುವುದಕ್ಕಿಂತ ಮೊದಲು ಸೊಸೈಟಿ ಮೀಟಿಂಗಿನಲ್ಲಿ ಟಾಕಿ ಯಾವಾಗ ತೊಳೆದದ್ದು ಎಂದು ಕೇಳಿ. ಕ್ಲೋರಿನ್ ಪರೀಕ್ಷೆಯ ಪುಟ್ಟ ಕಿಟ್ ಅಂಗಡಿಯಲ್ಲಿ ಸಿಗುತ್ತದೆ. ಎರಡು ಹನಿ ಹಾಕಿದರೆ ನೀರು ಹಳದಿಯಾಗಬೇಕು, ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ. ಹಳದಿ ಬರದಿದ್ದರೆ ದಾರಿಯಲ್ಲಿ ಏನೋ ಆಗಿದೆ ಅಂತ ಅರ್ಥ. (ಆ ನೀರನ್ನು ಚೆಲ್ಲಿಬಿಡಿ, ಕುಡಿಯಬೇಡಿ.)

ಇನ್ನು ನಾವು ಬಳಸಿ ಬಿಟ್ಟ ನೀರು. ಪೂರ್ತಿ ಶುದ್ಧವಾಗದ ಪುಣೆಯ ಕೊಳಚೆ ಮುಳಾ-ಮುಠಾದಿಂದ ಭೀಮೆಗೆ, ಉಜನಿಗೆ, ಅಲ್ಲಿಂದ ಇಂಡಿ, ಅಫಜಲಪುರದ ಕಡೆಗೆ ಹೋಗುತ್ತದೆ. ಭೀಮೆಯ ದಂಡೆಯ ಓದುಗರು ಯಾರಾದರೂ ಇದ್ದರೆ, ನಿಮ್ಮ ಊರಿನಲ್ಲಿ ಆ ನೀರನ್ನು ಹೇಗೆ ಸೋಸಿ ಕುಡಿಯುತ್ತೀರಿ, ತಿಳಿಸಿ.